ಅಟ್ಟದ ಮೇಲಿನ ಮದುವೆ ಅಂಗೈಗೆ ಬಂತು

‘ಮದುವೆ ಕ್ಯಾಸೆಟ್ ಇದೆ, ನೋಡೋಣ ಅಂದ್ರೆ ವಿಸಿಆರ್ ಇಲ್ಲ.’ ಈ ಮಾತು ಕೇಳಿಬರದ ಮನೆ ಈಗ ಅಪರೂಪ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ನಮ್ಮ ದೇಶದಲ್ಲಿ ಬಣ್ಣದ ಟಿವಿ ಪ್ರಸಾರ ಶುರುವಾಯಿತು. ಅದರ ಬೆನ್ನಿಗೇ ವಿಸಿಆರ್‌ಗಳೂ ವಿಡಿಯೊ ಕ್ಯಾಮೆರಾಗಳೂ ಊರೂರಿಗೆ ಬಂದವು. ಸಣ್ಣ ಪೇಟೆಯ ಸ್ಟುಡಿಯೊಗಳು ಕೂಡ ಮದುವೆ, ಉಪನಯನ, ಗೃಹಪ್ರವೇಶಗಳಿಗೆ ಕ್ಯಾಮೆರಾ ಹೊತ್ತು ಹೊರಟವು. ಊಟದ ಪಂಕ್ತಿಯ ಮೇಲೆ ಕಣ್ಣು ಕುಕ್ಕುವ ಲೈಟು ಬಿದ್ದೊಡನೆ, ಬಾಯಿಗೆ ಹೊರಟ ತುತ್ತನ್ನು ಎಲೆಗೇ ಇಳಿಸಿ ಗಂಭೀರವಾಗಿ ಕುಳಿತುಬಿಡುವ ನೆಂಟರನ್ನು ನಲವತ್ತು ದಾಟಿದ ಓದುಗರೆಲ್ಲ ಕಂಡಿರುತ್ತೀರಿ.

ಆ ಕ್ಯಾಸೆಟ್‌ಗಳೆಲ್ಲ ಈಗ ಎಲ್ಲಿವೆ? ಬೀರುವಿನ ಕೆಳಗಿನ ಖಾನೆಯಲ್ಲಿ, ಮಂಚದ ಅಡಿಯ ಟ್ರಂಕಿನಲ್ಲಿ, ಇಲ್ಲವೇ ಅಟ್ಟದ ಮೇಲೆ. ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಅವು ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಿಯೊಂದರಲ್ಲಿದ್ದವು. ಎಣಿಸಿದಾಗ ಹನ್ನೊಂದು ಕ್ಯಾಸೆಟ್, ನಾಲ್ಕು ವಿಸಿಡಿ. ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ಊರಿಗೆ ಬಂದಿದ್ದಾಗ ನಾವಿಬ್ಬರೂ ಸೇರಿ ಅಷ್ಟನ್ನೂ ಫೋನು, ಟ್ಯಾಬ್ಲೆಟ್‌ಗಳಲ್ಲಿ ನೋಡುವಂತೆ ಮಾಡಿದೆವು. ನೀವೂ ಮನೆಯ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಮಾಡಬಹುದಾದ ಕೆಲಸ ಇದು. ಆದರೆ ಇದಕ್ಕೆ ಇನ್ನು ಬಹಳ ಕಾಲ ಕಾಯುವಂತಿಲ್ಲ.

ಕ್ಯಾಸೆಟ್‌ನ ಒಳಗೆ ಏನಿದೆ?

ಮಕ್ಕಳು ಮೊದಲು ಕೇಳುವ ಪ್ರಶ್ನೆ ಇದೇ. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದ ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ ಅರ್ಧ ಇಂಚು ಅಗಲದ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಮೂರು ಗಂಟೆಯ ಕ್ಯಾಸೆಟ್‌ನಲ್ಲಿ ಅದರ ಉದ್ದ ಸುಮಾರು ಕಾಲು ಕಿಲೋಮೀಟರ್! ಅದರ ಮೇಲೆ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಅಂಟಿನ ಜೊತೆ ಬಳಿದಿರುತ್ತಾರೆ. ಚಿತ್ರವೂ ಶಬ್ದವೂ ಈ ಪುಡಿಯ ಮೇಲೆ ಕಾಂತೀಯ ಗುರುತುಗಳಾಗಿ ಕುಳಿತಿರುತ್ತವೆ. ವಿಸಿಆರ್‌ನೊಳಗೆ ನಿಮಿಷಕ್ಕೆ 1500 ಸುತ್ತು ತಿರುಗುವ ಚಿಕ್ಕ ಉರುಳೆಯೊಂದು ಆ ಗುರುತುಗಳನ್ನು ಓದಿ ಟಿವಿಗೆ ಕಳಿಸುತ್ತದೆ.

ಅಂದರೆ ನಮ್ಮ ಮದುವೆ, ಮುಂಜಿಗಳೆಲ್ಲ ಇರುವುದು ಅಂಟು ಹಚ್ಚಿದ ಪುಡಿಯಲ್ಲಿ. ವರ್ಷಗಳು ಕಳೆದಂತೆ ಅಂಟು ಗಾಳಿಯ ತೇವ ಹೀರಿ ಹದಗೆಡುತ್ತದೆ. ಕಾಂತೀಯ ಗುರುತುಗಳೂ ದುರ್ಬಲವಾಗುತ್ತವೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ ಬರುವ ಬೂಷ್ಟು ಟೇಪಿಗೂ ಬರುತ್ತದೆ. ಕ್ಯಾಸೆಟ್‌ನ ಕಿಟಕಿಯಲ್ಲಿ ಇಣುಕಿದಾಗ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯೋ ಎಳೆಗಳೋ ಕಂಡರೆ ಅದು ಬೂಷ್ಟು ಎಂದೇ ತಿಳಿಯಬೇಕು.

ಟೇಪು ಚೆನ್ನಾಗಿದ್ದರೂ ಅದನ್ನು ಓದುವ ಯಂತ್ರ ಬೇಕಲ್ಲ? ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಎನ್ನಲಾದ ಜಪಾನಿನ ಫುನಾಯಿ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಹಾಗಾಗಿ ಇರುವ ಹಳೆಯ ಯಂತ್ರಗಳನ್ನೇ ರಿಪೇರಿ ಮಾಡಿಕೊಂಡು ಬಳಸಬೇಕು. ರಿಪೇರಿ ಬಲ್ಲವರಿಗೂ ವಯಸ್ಸಾಗುತ್ತಿದೆ. ಕಾಂತೀಯ ಟೇಪುಗಳನ್ನು ಬೇಗ ಡಿಜಿಟಲ್ ಮಾಡಿಕೊಳ್ಳದಿದ್ದರೆ ಅವು ಕೈತಪ್ಪಿಹೋಗುತ್ತವೆ ಎಂದು ಯುನೆಸ್ಕೊ 2019ರಲ್ಲಿ ಜಗತ್ತಿನ ಸಂಗ್ರಹಾಲಯಗಳಿಗೆ ಎಚ್ಚರಿಕೆ ಕೊಡುವ ಯೋಜನೆಯನ್ನೇ ಆರಂಭಿಸಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು; ಇಂದು ನೋಡೋಣವೆಂದರೆ ಅದರ ಒಂದು ಪ್ರತಿಯೂ ಉಳಿದಿಲ್ಲ. ಊರೆಲ್ಲ ನೋಡಿದ ಸಿನಿಮಾಕ್ಕೇ ಈ ಗತಿಯಾದರೆ, ಒಂದೇ ಒಂದು ಪ್ರತಿ ಇರುವ ನಮ್ಮ ಮನೆಯ ಕ್ಯಾಸೆಟ್‌ನ ಪಾಡೇನು?

ಮೊದಲು ಗುಂಪು ಮಾಡಿ

ಎಲ್ಲವನ್ನೂ ಚಾಪೆಯ ಮೇಲೆ ಹರಡಿಕೊಂಡು ವಿಂಗಡಿಸಿ. ಪುಸ್ತಕದಷ್ಟು ದೊಡ್ಡದಾಗಿದ್ದರೆ ವಿಎಚ್‌ಎಸ್. ಹಾಡಿನ ಕ್ಯಾಸೆಟ್‌ನಷ್ಟಿದ್ದು ಸ್ವಲ್ಪ ದಪ್ಪಗಿದ್ದರೆ ವಿಡಿಯೊ-8 ಅಥವಾ ಹೈ-8. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾಗಿದ್ದರೆ ಮಿನಿ ಡಿವಿ. ಇದು 1995ರ ನಂತರದ್ದು. ಉಳಿದವು ವಿಸಿಡಿ, ಡಿವಿಡಿ ತಟ್ಟೆಗಳು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದಕ್ಕೂ ನಂಬರು ಕೊಟ್ಟು, ಮೇಲಿನ ಚೀಟಿಯಲ್ಲಿ ಏನು ಬರೆದಿದೆಯೋ ಅದನ್ನೇ ಬರೆದುಕೊಳ್ಳಿ. ಈ ಕೆಲಸ ಮಕ್ಕಳಿಗೆ ಬಿಟ್ಟರೆ ಅಚ್ಚುಕಟ್ಟಾಗಿ ಮಾಡುತ್ತಾರೆ.

ವಿಎಚ್‌ಎಸ್ ಕ್ಯಾಸೆಟ್‌ನ ಬೆನ್ನಿನ ತುದಿಯಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ತುಣುಕಿರುತ್ತದೆ. ಅದನ್ನು ಮುರಿದು ತೆಗೆದರೆ, ಯಾರಾದರೂ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಸಿಹೋಗುವುದಿಲ್ಲ. ಮಿನಿ ಡಿವಿಯಲ್ಲಿ ಮುರಿಯಬೇಕಿಲ್ಲ, ಸರಿಸುವ ಗುಂಡಿ ಇರುತ್ತದೆ.

ಬೂಷ್ಟು ಕಂಡ ಕ್ಯಾಸೆಟ್‌ಗಳನ್ನು ಬೇರೆ ಇಡಿ. ಅವನ್ನು ಮನೆಯ ವಿಸಿಆರ್‌ಗೆ ಹಾಕಬಾರದು. ಬೂಷ್ಟು ಯಂತ್ರಕ್ಕೆ ಅಂಟಿ ಅಲ್ಲಿಂದ ಮುಂದಿನ ಕ್ಯಾಸೆಟ್‌ಗಳಿಗೂ ಹರಡುತ್ತದೆ; ಟೇಪು ಹರಿಯಲೂಬಹುದು. ಅಂಥವನ್ನು ಸ್ವಚ್ಛ ಮಾಡಲು ಬಲ್ಲ ಅಂಗಡಿಗೇ ಕೊಡಬೇಕು. ನಮ್ಮ ಹನ್ನೊಂದರಲ್ಲಿ ಎರಡು ಹಾಗಿದ್ದವು.

ಟೇಪಿನಿಂದ ಲ್ಯಾಪ್‌ಟಾಪಿಗೆ

ವಿಸಿಆರನ್ನು ನೆಂಟರ ಮನೆಯಿಂದ ಎರಡು ವಾರಕ್ಕೆ ಕಡ ತಂದೆವು. ಅದರ ಹಿಂಭಾಗದಲ್ಲಿ ಬಣ್ಣದ ತೂತುಗಳಿರುತ್ತವೆ: ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಶಬ್ದಕ್ಕೆ. ಶಬ್ದಕ್ಕೆ ಒಂದೇ ತೂತು ಇರುವ ಯಂತ್ರಗಳೂ ಉಂಟು. ಅಲ್ಲಿಂದ ಹೊರಟ ವೈರುಗಳನ್ನು ‘ವಿಡಿಯೊ ಕ್ಯಾಪ್ಚರ್’ ಎಂಬ ಪೆನ್‌ಡ್ರೈವ್‌ನಂಥ ಸಣ್ಣ ಸಾಧನಕ್ಕೆ ಸಿಕ್ಕಿಸಿ, ಅದನ್ನು ಲ್ಯಾಪ್‌ಟಾಪಿನ ಯುಎಸ್‌ಬಿಗೆ ಹಾಕಬೇಕು. ಒಂದೆರಡು ಸಾವಿರ ರೂಪಾಯಿಯೊಳಗೆ ಸಿಗುವಂಥವೂ ಇವೆ. ಲ್ಯಾಪ್‌ಟಾಪಿನಲ್ಲಿ ‘ಓಬಿಎಸ್ ಸ್ಟುಡಿಯೊ’ ಎಂಬ ಉಚಿತ ತಂತ್ರಾಂಶ ಇದ್ದರೆ ಚಿತ್ರ, ಶಬ್ದ ಎರಡನ್ನೂ ಫೈಲಾಗಿ ಉಳಿಸಿಕೊಳ್ಳುತ್ತದೆ.

ಬಹಳ ವರ್ಷ ಅಲುಗಾಡದೆ ಕೂತ ಟೇಪಿನ ಸುತ್ತುಗಳು ಒಂದಕ್ಕೊಂದು ಬಿಗಿದಿರುತ್ತವೆ. ಪ್ಲೇ ಮಾಡುವ ಮೊದಲು ಒಮ್ಮೆ ಕೊನೆಯವರೆಗೆ ಮುಂದಕ್ಕೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ಮೊದಲ ಐದು ನಿಮಿಷ ಮಾತ್ರ ರೆಕಾರ್ಡ್ ಮಾಡಿ, ಅದನ್ನು ತೆರೆದು ನೋಡಿ. ಶಬ್ದ ಬಂದಿದೆಯೇ ಎಂದು ಖಚಿತ ಮಾಡಿಕೊಂಡು ಮುಂದುವರಿಯಿರಿ. ಈ ಕೆಲಸಕ್ಕೆ ಅವಸರ ಹೇಳಿಸಿದ್ದಲ್ಲ. ಮೂರು ಗಂಟೆಯ ಕ್ಯಾಸೆಟ್‌ಗೆ ಮೂರು ಗಂಟೆಯೇ ಬೇಕು. ನಾವು ದಿನಕ್ಕೆ ಒಂದು ಕ್ಯಾಸೆಟ್ ಎಂದು ಲೆಕ್ಕ ಇಟ್ಟುಕೊಂಡು, ಮಧ್ಯಾಹ್ನದ ಊಟ ಮುಗಿದೊಡನೆ ಹಚ್ಚುತ್ತಿದ್ದೆವು.

ಮಿನಿ ಡಿವಿಯ ದಾರಿ ಬೇರೆ. ಅದರಲ್ಲಿ ಚಿತ್ರ ಆಗಲೇ ಡಿಜಿಟಲ್ ರೂಪದಲ್ಲಿದೆ. ಕ್ಯಾಮೆರಾದ ‘ಫೈರ್‌ವೈರ್’ ತೂತಿನಿಂದ ಲ್ಯಾಪ್‌ಟಾಪಿಗೆ ಎಳೆದರೆ ಏನೂ ನಷ್ಟವಾಗದೆ ಬರುತ್ತದೆ. ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು. ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ತೂತು ಇಲ್ಲದಿರುವುದೇ ತೊಡಕು. ಹಳೆಯ ಕಂಪ್ಯೂಟರ್ ಇಟ್ಟುಕೊಂಡಿರುವ ಸ್ಟುಡಿಯೊ ಹುಡುಕುವುದು ಮೇಲು.

ವಿಸಿಡಿ ಸುಲಭ. ತಟ್ಟೆಯನ್ನು ಡಿಸ್ಕ್ ಡ್ರೈವಿಗೆ ಹಾಕಿ, ಒಳಗಿರುವ ‘ಡ್ಯಾಟ್’ ಎಂಬ ಕೊನೆಯುಳ್ಳ ದೊಡ್ಡ ಫೈಲನ್ನು ನಕಲು ಮಾಡಿಕೊಂಡರೆ ಮುಗಿಯಿತು. ಮನೆಯ ಡಿವಿಡಿಯನ್ನು ‘ಹ್ಯಾಂಡ್‌ಬ್ರೇಕ್’ ಎಂಬ ಉಚಿತ ತಂತ್ರಾಂಶ ನೇರವಾಗಿ ಫೋನಿಗೆ ಹೊಂದುವ ಫೈಲಾಗಿ ಮಾಡಿಕೊಡುತ್ತದೆ. ತಟ್ಟೆಗಳು ಶಾಶ್ವತವೆಂಬ ನಂಬಿಕೆ ಬೇಡ. ಮನೆಯಲ್ಲೋ ಸ್ಟುಡಿಯೊದಲ್ಲೋ ಬರೆದ ಡಿಸ್ಕ್‌ಗಳ ಬಣ್ಣದ ಪದರವೂ ಕಾಲಕ್ರಮದಲ್ಲಿ ಕೆಡುತ್ತದೆ.

ಇಷ್ಟೆಲ್ಲ ಬೇಡವೆನ್ನುವವರು ಅಂಗಡಿಗೆ ಕೊಡಬಹುದು. ಕೊಡುವಾಗ ನಾಲ್ಕು ಮಾತು ಸ್ಪಷ್ಟವಾಗಿ ಹೇಳಿ: ಡಿವಿಡಿ ಬೇಡ, ಪೆನ್‌ಡ್ರೈವ್‌ನಲ್ಲಿ ಎಂಪಿ4 ಫೈಲು ಬೇಕು, ಏನನ್ನೂ ಕತ್ತರಿಸಬಾರದು, ಹಾಡು ಸೇರಿಸಬಾರದು, ಮೂಲ ಕ್ಯಾಸೆಟ್ ವಾಪಸ್ ಕೊಡಬೇಕು. ಎರಡನೆಯ ಮತ್ತು ಮೂರನೆಯ ಮಾತಿಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ.

ಕತ್ತಲೆಯಲ್ಲಿ ಸಿಕ್ಕ ಹಾಡು

ಅಕ್ಕನ ಮದುವೆಯಾದದ್ದು 1993ರ ಮೇ ತಿಂಗಳಲ್ಲಿ. ಅದರ ಎರಡು ಬಗೆಯ ಕ್ಯಾಸೆಟ್ ನಮ್ಮಲ್ಲಿದ್ದವು. ಒಂದು, ಸ್ಟುಡಿಯೊದವರು ಚೆಂದಗೊಳಿಸಿ ಕೊಟ್ಟದ್ದು: ಹೃದಯದಾಕಾರದಲ್ಲಿ ಮದುಮಕ್ಕಳ ಮುಖ, ಮೇಲಿನಿಂದ ಉದುರುವ ಗುಲಾಬಿ, ಆರಂಭದಿಂದ ಕೊನೆಯವರೆಗೂ ಸಿನಿಮಾ ಹಾಡು. ವಾಲಗದವರು ಕೆನ್ನೆ ಉಬ್ಬಿಸಿ ಊದುತ್ತಾರೆ, ಕೇಳುವುದು ಮಾತ್ರ ಸಿನಿಮಾದ ಪಿಟೀಲು. ಪುರೋಹಿತರ ಬಾಯಿ ಆಡುತ್ತದೆ, ಮಂತ್ರ ಕೇಳುವುದಿಲ್ಲ. ಆ ಕಾಲಕ್ಕೆ ಅದೇ ಚೆಂದ. ನಾವೂ ಮೆಚ್ಚಿ ಹತ್ತಾರು ಸಲ ನೋಡಿದ್ದೆವು. ಇನ್ನೊಂದು, ಕ್ಯಾಮೆರಾದಿಂದ ತೆಗೆದ ಹಾಗೇ ಇದ್ದ ಮೂಲ ಕ್ಯಾಸೆಟ್ ಎರಡು. ಅಪ್ಪ ಅವನ್ನು ಕೇಳಿ ಇಸಿದುಕೊಂಡಿದ್ದರಂತೆ. ಅವನ್ನು ಯಾರೂ ಪೂರ್ತಿ ನೋಡಿರಲಿಲ್ಲ.

ಮೂಲ ಕ್ಯಾಸೆಟ್ ಓಡುತ್ತಿದ್ದಾಗ ಒಂದು ಕಡೆ ಪರದೆ ಕಪ್ಪಾಯಿತು. ಮದುವೆಯ ಹಿಂದಿನ ರಾತ್ರಿ ಗೋಡೆಗೆ ಹಸೆ ಬರೆಯುತ್ತಿದ್ದಾಗ ಕರೆಂಟು ಹೋಗಿತ್ತು. ಲೈಟು ಆರಿದರೂ ಕ್ಯಾಮೆರಾ ಬ್ಯಾಟರಿಯಲ್ಲಿ ಓಡುತ್ತಲೇ ಇತ್ತು. ಕತ್ತಲೆಯಲ್ಲಿ ಯಾರೋ ‘ಲಾಟೀನು ತನ್ನಿ’ ಎಂದರು, ಒಂದು ಮಗು ಅತ್ತಿತು. ಆಮೇಲೆ ನಮ್ಮ ಅಜ್ಜಿ ಅರ್ಧಕ್ಕೆ ನಿಂತಿದ್ದ ಹಸೆ ಹಾಡನ್ನು ಮತ್ತೆ ಎತ್ತಿಕೊಂಡರು. ಇನ್ನಿಬ್ಬರು ದನಿಗೂಡಿಸಿದರು. ನಾಲ್ಕು ನಿಮಿಷ, ಲಾಟೀನಿನ ಮಂದ ಬೆಳಕು ಮೂಲೆಯಲ್ಲಿ ಕಾಣಿಸಿಕೊಳ್ಳುವವರೆಗೆ, ಕಪ್ಪು ಪರದೆಯ ಮೇಲೆ ಹಾಡೊಂದೇ. ಚಿತ್ರವಿಲ್ಲದ್ದಕ್ಕೆ ಬೆಲೆಯಿಲ್ಲವೆಂದು ಸ್ಟುಡಿಯೊದವರು ಆ ಭಾಗವನ್ನು ಕೈಬಿಟ್ಟಿದ್ದರು.

ಅಜ್ಜಿ ತೀರಿಹೋಗಿ ಹತ್ತೊಂಬತ್ತು ವರ್ಷವಾಯಿತು. ಅವರ ಫೋಟೊಗಳಿವೆ, ದನಿ ಇರುವುದು ಇದೊಂದೇ ಕಡೆ. ಆ ಹಾಡನ್ನು ಅವರು ಯಾವ ಪುಸ್ತಕದಲ್ಲೂ ಬರೆದಿಟ್ಟಿರಲಿಲ್ಲ. ಅಮ್ಮನಿಗೆ ಮೊದಲ ನಾಲ್ಕು ಸಾಲು ಮಾತ್ರ ಗೊತ್ತಿತ್ತು. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ‘ಇನ್ನೊಂದು ಸಲ ಹಾಕು, ಮುಂದಿಂದು ಬರ್ಕೊಳಾಣ’ ಎಂದರು. ಅಕ್ಕನ ಮಗಳು ಅದನ್ನೀಗ ಫೋನಿನಲ್ಲಿ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ ಕೇಳಿ, ಪೂರ್ತಿ ಬರೆದುಕೊಂಡಿದ್ದಾಳೆ.

ಅದಕ್ಕೇ ಹೇಳಿದ್ದು, ಟೇಪಿನಲ್ಲಿ ಇರುವಷ್ಟನ್ನೂ ತೆಗೆದಿಟ್ಟುಕೊಳ್ಳಿ. ಕತ್ತಲೆ, ಅಲುಗಾಟ, ಗದ್ದಲ ಎಲ್ಲವೂ ಇರಲಿ. ಅವತ್ತು ಬೇಡವಾದದ್ದು ಇವತ್ತು ಬೇಕಾಗುತ್ತದೆ.

ಫೋನಿಗೆ ಹೊಂದುವ ಪ್ರತಿ

ಪ್ರತಿ ಕ್ಯಾಸೆಟ್‌ಗೂ ಎರಡು ಫೈಲು ಮಾಡಿ. ಒಂದು, ಒಳ್ಳೆಯ ಗುಣಮಟ್ಟದ ಮೂಲಪ್ರತಿ. ನಾವು ಗಂಟೆಗೆ ಸುಮಾರು ಮೂರೂವರೆ ಜಿಬಿ ಆಗುವಂತೆ ಇಟ್ಟುಕೊಂಡೆವು. ಇದನ್ನು ಮುಟ್ಟಬಾರದು. ಇನ್ನೊಂದು, ಇದರಿಂದ ಮಾಡಿದ ಚಿಕ್ಕ ಪ್ರತಿ. ಹ್ಯಾಂಡ್‌ಬ್ರೇಕ್‌ನಲ್ಲಿ ಎಂಪಿ4, ಎಚ್.264 ಎಂದು ಆರಿಸಿದರೆ ಯಾವ ಫೋನು, ಟ್ಯಾಬ್ಲೆಟ್‌ನಲ್ಲಾದರೂ ಓಡುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಒಂದು ಗಂಟೆಗೆ 900 ಎಂಬಿ ಸಾಕು. ನಮ್ಮ 26 ಗಂಟೆಯ ಚಿತ್ರವೆಲ್ಲ 24 ಜಿಬಿಯೊಳಗೆ ಹಿಡಿಸಿತು. ಅಂದರೆ ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡಿನಲ್ಲಿ ಇಡೀ ಡಬ್ಬಿ!

ಮೂರು ಸಂಗತಿ ಗಮನಿಸಿ. ಹಳೆಯ ಟಿವಿಯ ಕಾಲದಲ್ಲಿ ಪ್ರತಿ ಚಿತ್ರವನ್ನು ಬೆಸ, ಸಮ ಗೆರೆಗಳ ಎರಡು ಭಾಗವಾಗಿ ತೋರಿಸುತ್ತಿದ್ದರು. ಫೋನಿನಲ್ಲಿ ನೋಡುವಾಗ ಅದು, ಯಾರಾದರೂ ಕೈ ಬೀಸಿದರೆ ಬಾಚಣಿಗೆಯ ಹಲ್ಲಿನಂಥ ಗೆರೆಗಳಾಗಿ ಕಾಣುತ್ತದೆ. ‘ಡಿಇಂಟರ್‌ಲೇಸ್’ ಎಂಬ ಆಯ್ಕೆ ಒತ್ತಿದರೆ ಸರಿಹೋಗುತ್ತದೆ. ಎರಡನೆಯದು, ಹಳೆಯ ಚಿತ್ರದ ಅಗಲ ಎತ್ತರ 4:3 ಲೆಕ್ಕದ್ದು. ಫೋನಿನ ಉದ್ದ ಪರದೆ ತುಂಬಲಿ ಎಂದು ಎಳೆದರೆ ಮದುಮಗಳ ಮುಖ ಕುಂಬಳಕಾಯಿಯಾಗುತ್ತದೆ! ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿದರೆ ಉಳಿಯಲಿ. ಮೂರನೆಯದು, 32 ಜಿಬಿಯವರೆಗಿನ ಮೆಮೊರಿ ಕಾರ್ಡುಗಳು ಸಾಮಾನ್ಯವಾಗಿ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ತುಂಡು ಮಾಡಿದರೆ ಆ ತೊಂದರೆ ಇಲ್ಲ.

ತುಂಡು ಮಾಡುವುದರಿಂದ ಇನ್ನೊಂದು ಅನುಕೂಲವಿದೆ. ಮೂರು ಗಂಟೆಯ ಮದುವೆಯನ್ನು ಫೋನಿನಲ್ಲಿ ಯಾರೂ ಕೂತು ನೋಡುವುದಿಲ್ಲ. ಐದೈದು ನಿಮಿಷದ ಚೂರುಗಳಾದರೆ ಬಸ್ಸಿನಲ್ಲೂ ನೋಡುತ್ತಾರೆ. ‘1993-05-ಅಕ್ಕನ ಮದುವೆ-03-ದಿಬ್ಬಣ’ ಎಂದು ವರ್ಷದಿಂದಲೇ ಹೆಸರು ಶುರುವಾದರೆ ಫೈಲುಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ಕೂರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಹಿಂಡಿ ಸಣ್ಣದಾಗಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದ ಹಾಗೇ ತಲುಪುತ್ತದೆ.

ಹೆಸರು ಹೇಳುವವರು ಇರುವಾಗಲೇ

ಚಿತ್ರ ಉಳಿದರೂ, ಅದರಲ್ಲಿರುವವರು ಯಾರೆಂದು ಹೇಳುವವರು ಇಲ್ಲದಿದ್ದರೆ ಅರ್ಧ ಕಳೆದಂತೆಯೇ. ಎಂಬತ್ತೆರಡರ ಅಮ್ಮನಿಗೆ ಫೋನಿನ ಪರದೆ ಚಿಕ್ಕದಾಯಿತು. ಟ್ಯಾಬ್ಲೆಟ್ ತೊಡೆಯ ಮೇಲಿಟ್ಟು, ಬೆರಳಿನಿಂದ ಮುಟ್ಟಿದರೆ ನಿಲ್ಲುತ್ತದೆಂದು ತೋರಿಸಿಕೊಟ್ಟೆವು. ಟಿವಿಯ ಮುಂದೆ ‘ತಡಿ, ಹಿಂದೆ ಹೋಗು’ ಎಂದು ಹೇಳಲು ಸಂಕೋಚಪಡುತ್ತಿದ್ದವರು ಈಗ ತಾವೇ ನಿಲ್ಲಿಸಿ ಹೇಳತೊಡಗಿದರು: ‘ಇವಳು ಹೊಸನಗರದ ಅತ್ತೆ. ಹಂಡೆ ಹತ್ರ ನಿಂತವನು ನಮ್ಮ ಅಡಿಗೆಯವನ ಮಗ. ಈ ಕೆಂಪು ಸೀರೆ ನಂದೇ, ಚಿಕ್ಕಮ್ಮ ಉಟ್ಕೊಂಡಿದಾಳೆ.’ ಪಕ್ಕದಲ್ಲಿ ಇನ್ನೊಂದು ಫೋನಿನ ಧ್ವನಿಮುದ್ರಣ ಓಡುತ್ತಿತ್ತು. ಮೂರು ಮಧ್ಯಾಹ್ನದಲ್ಲಿ ಎಂಬತ್ತಕ್ಕೂ ಹೆಚ್ಚು ಹೆಸರು ಸಿಕ್ಕವು. ಅಕ್ಕನ ಮಗಳು ಅವನ್ನು ಕ್ಯಾಸೆಟ್ ನಂಬರು, ನಿಮಿಷದ ಸಮೇತ ನೋಟ್‌ಬುಕ್ಕಿಗೆ ಇಳಿಸಿದಳು.

ಮಕ್ಕಳೇ, ರಜೆಯಲ್ಲಿ ನೀವು ಮಾಡಬಹುದಾದ ಕೆಲಸ ಇದು. ‘ಇವರು ಯಾರು?’ ಎಂದು ಕೇಳಿ ಸುಮ್ಮನಾಗಬೇಡಿ. ‘ಎಲ್ಲಿಂದ ಬಂದಿದ್ದರು? ಹೇಗೆ ಬಂದರು? ಅವತ್ತು ಊಟಕ್ಕೆ ಏನಿತ್ತು?’ ಎಂದೂ ಕೇಳಿ. ಕತೆಗಳು ಹೊರಗೆ ಬರುವುದು ಅಲ್ಲಿಂದಲೇ.

ಎಲ್ಲರಿಗೂ ಕಳಿಸಬೇಕೆಂದಿಲ್ಲ

ಫೈಲು ಕೈಗೆ ಬಂದೊಡನೆ ಕುಟುಂಬದ ಗ್ರೂಪಿಗೆ ಹಾಕುವ ಆಸೆ ಸಹಜ. ಸ್ವಲ್ಪ ತಡೆಯಿರಿ. ಹಳೆಯ ಮದುವೆಯಲ್ಲಿ ಜೊತೆಯಾಗಿ ನಿಂತವರು ಈಗ ಬೇರೆಯಾಗಿರಬಹುದು. ನಗುತ್ತಿರುವ ಮಗು ಈಗ ಇಲ್ಲದಿರಬಹುದು. ನಮ್ಮ ಚಿಕ್ಕಪ್ಪ ತೀರಿಕೊಂಡು ಆರು ವರ್ಷ. ಅವರು ದಿಬ್ಬಣದ ಮುಂದೆ ಕುಣಿಯುವ ತುಣುಕು ಸಿಕ್ಕಾಗ ಅದನ್ನು ಗ್ರೂಪಿಗೆ ಹಾಕದೆ ಚಿಕ್ಕಮ್ಮನಿಗೆ ಫೋನು ಮಾಡಿ ಕೇಳಿದೆ. ‘ನಂಗೊಬ್ಬಳಿಗೇ ಕಳಿಸು. ನೋಡಿ ಆಮೇಲೆ ಹೇಳ್ತೀನಿ’ ಎಂದರು. ಹತ್ತು ದಿನದ ಮೇಲೆ ಅವರೇ ಅದನ್ನು ಎಲ್ಲರಿಗೂ ಹಂಚಿದರು. ಕೇಳಿ ಕಳಿಸುವುದರಲ್ಲಿ ನಾವು ಕಳೆದುಕೊಳ್ಳುವುದೇನಿಲ್ಲ.

ಮೂರು ಕಡೆ ಇರಲಿ

ಫೋನು, ಟ್ಯಾಬ್ಲೆಟ್ ಇರುವುದು ನೋಡಲಿಕ್ಕೆ, ಕಾಪಾಡಿಡಲಿಕ್ಕಲ್ಲ. ಫೋನು ಬಾವಿಕಟ್ಟೆಯಿಂದ ಜಾರುತ್ತದೆ, ಕಳೆದುಹೋಗುತ್ತದೆ, ಮೂರು ವರ್ಷಕ್ಕೆ ಬದಲಾಗುತ್ತದೆ. ಮೂಲಪ್ರತಿ ಕನಿಷ್ಠ ಮೂರು ಕಡೆ ಇರಬೇಕು. ಅದರಲ್ಲಿ ಒಂದು ಬೇರೆ ಊರಿನಲ್ಲಿರಬೇಕು. ನಮ್ಮದು ಒಂದು ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಹಾರ್ಡ್‌ಡಿಸ್ಕಿನಲ್ಲಿ, ಮತ್ತೊಂದು ಹಾರ್ಡ್‌ಡಿಸ್ಕ್ ಬೆಂಗಳೂರಿನ ಅಕ್ಕನ ಮನೆಯಲ್ಲಿ. ವರ್ಷಕ್ಕೊಮ್ಮೆ ತೆರೆದು ಓಡುತ್ತವೆಯೇ ಎಂದು ನೋಡಬೇಕು. ಆಯುಧಪೂಜೆಯ ದಿನ ಎಂದು ಗೊತ್ತು ಮಾಡಿಕೊಂಡಿದ್ದೇವೆ; ಹೇಗೂ ಅಂದು ಎಲ್ಲ ಯಂತ್ರಗಳನ್ನೂ ಒರೆಸುತ್ತೇವಲ್ಲ. ಟೇಪಿನಿಂದ ಟೇಪಿಗೆ ನಕಲು ಮಾಡಿದರೆ ಪ್ರತಿ ಸಲವೂ ಚಿತ್ರ ಮಸುಕಾಗುತ್ತಿತ್ತು. ಫೈಲಿನಲ್ಲಿ ಆ ಭಯವಿಲ್ಲ, ನೂರನೆಯ ನಕಲೂ ಮೊದಲಿನಂತೆಯೇ ಇರುತ್ತದೆ. ಹಳೆಯ ಕ್ಯಾಸೆಟ್‌ಗಳನ್ನು ಎಸೆಯಬೇಡಿ. ಒಣಗಿದ, ತಂಪಾದ ಜಾಗದಲ್ಲಿ, ಪುಸ್ತಕದಂತೆ ನಿಲ್ಲಿಸಿ ಇಡಿ.

ಬೂಷ್ಟು ಹಿಡಿದ ನಮ್ಮ ಎರಡು ಕ್ಯಾಸೆಟ್‌ಗಳು ಅಂಗಡಿಗೆ ಹೋಗಿ ಬಂದವು. ಒಂದು ಪೂರ್ತಿ ಸಿಕ್ಕಿತು. ಇನ್ನೊಂದರಲ್ಲಿ, ಅಪ್ಪ ಹೊಸ ಮನೆಯ ಬಾಗಿಲಿಗೆ ತೋರಣ ಕಟ್ಟುವವರೆಗೆ ಹನ್ನೆರಡು ನಿಮಿಷ ಇದೆ. ಅಲ್ಲಿಂದ ಮುಂದೆ ಬರಿಯ ಬಿಳಿ ಚುಕ್ಕೆಗಳು.

ಈ ಭಾನುವಾರ ಹೆಚ್ಚೇನೂ ಬೇಡ. ಏಣಿ ಇಟ್ಟು ಅಟ್ಟ ಹತ್ತಿ, ಡಬ್ಬಿ ಇಳಿಸಿ, ಎಷ್ಟಿವೆ ಎಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಿಸಿಆರ್ ಯಾರ ಮನೆಯಲ್ಲಿದೆ ಎಂದು ನಾಲ್ಕು ಜನಕ್ಕೆ ಫೋನು ಮಾಡಿ ಕೇಳಿ. ಉಳಿದದ್ದನ್ನು ಮುಂದಿನ ಭಾನುವಾರ ಶುರು ಮಾಡಬಹುದು.